ರುದ್ರೇಶನ ಸೊನ್ನೆಗಳು ಮತ್ತು ನನ್ನ ನಾಯಕತ್ವ

ಕ್ರಿಕೆಟ್ ತಂಡ ನಡೆಸುವುದು ಕಷ್ಟದ ಕೆಲಸವಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ನಮ್ಮೂರ ತಂಡವನ್ನು ಅಣ್ಣ ಹದಿನಾರು ವರ್ಷ ನಡೆಸಿದ್ದ. ಅಷ್ಟೂ ವರ್ಷ ನಾನು ಬೇಲಿಯ ಪಕ್ಕ ಕುಳಿತು ನೋಡಿದ್ದೆ. ಇನ್ನೇನು ಬೇಕು?

ಕಾರ್ತಿಕದಲ್ಲಿ ಅಣ್ಣ ತೀರಿಹೋದ. ಬೇಸಿಗೆಯ ಭಾನುವಾರದ ಪಂದ್ಯಗಳು ಹತ್ತಿರ ಬಂದಾಗ ತಂಡದವರು ಮನೆಗೆ ಬಂದು, "ಈ ಸಲ ನೀವೇ ಕ್ಯಾಪ್ಟನ್ ಆಗ್ಬೇಕು ಶಿವಣ್ಣ" ಎಂದರು. ಮೊದಲ ನಾಲ್ಕೂ ಪಂದ್ಯ ಸೋತ ತಂಡ ಹೊರಗೆ ಎಂಬುದು ನಿಯಮ. ಅಣ್ಣನ ತಂಡ ಒಮ್ಮೆಯೂ ಹೊರಬಿದ್ದಿರಲಿಲ್ಲ. ಅವನಿಲ್ಲದ ಮೊದಲ ವರ್ಷವೇ ಬೀಳಬಾರದು. ನನಗೆ ಇದ್ದ ಆಸೆ ಅದೊಂದೇ.

ಮೊದಲು ಬ್ಯಾಟ್ ಹಿಡಿಯುವವನು ರುದ್ರೇಶ. ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವುದು ಅವನ ಕೆಲಸ. ಮೊದಲ ಭಾನುವಾರ ದಂಡಿನಶಿವರದವರ ಮೇಲೆ ಸೊನ್ನೆ ಹೊಡೆದ. ಸೋತೆವು. ಎರಡನೆಯ ಭಾನುವಾರ ಹಾಲ್ಕುರಿಕೆಯವರ ಮೇಲೂ ಸೊನ್ನೆ. ಸೋತೆವು.

"ಅವನನ್ನ ತೆಗೀತೀನಿ ಅತ್ತಿಗೆ" ಎಂದೆ, ಮನೆಗೆ ಬಂದು ಅಣ್ಣನ ಹೆಂಡತಿಗೆ.

"ಬ್ಯಾಡ ಶಿವಣ್ಣ. ಸೊನ್ನೆ ಹೊಡೆದ್ರೂ ನಿಮ್ಮಣ್ಣ ಅವನಿಗೆ ಮೂರು ವಾರ ಆಡಕ್ ಬುಡೋರು."

"ಯಾಕೆ?"

"ನಂಗೇನ್ ಗೊತ್ತು? ಬುಡೋರು, ಅಷ್ಟೇ. ಆಮೇಲೆ ಹೊಡೀತಿದ್ದ."

ಕಾರಣವಿಲ್ಲದ ತಾಳ್ಮೆಯನ್ನು ನಾನು ಒಪ್ಪುವವನಲ್ಲ. ಬಿಳಿ ಹಾಳೆಯ ಮೇಲೆ, 'ತಂಡದ ಹಿತದೃಷ್ಟಿಯಿಂದ ತಮಗೆ ವಿಶ್ರಾಂತಿ ನೀಡಲಾಗಿದೆ' ಎಂದು ಬರೆದು, ಸಹಿ ಹಾಕಿ, ರುದ್ರೇಶನ ಕೈಗೇ ಕೊಟ್ಟೆ. ಅವನು ಎರಡು ಸಲ ಓದಿದ.

"ನನ್ ಜಾಗಕ್ಕೆ ಯಾರು?"

"ನಾನೇ."

ಅವನು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಅದು ಗೌರವವೆಂದು ನಾನು ತಿಳಿದೆ!

ಮೂರನೆಯ ಭಾನುವಾರ ಅಣ್ಣನ ಪ್ಯಾಡ್ ಕಟ್ಟಿಕೊಂಡು ಇಳಿದೆ. ಅಣ್ಣ ನನಗಿಂತ ಗೇಣುದ್ದ ಎತ್ತರ. ಪ್ಯಾಡ್ ನನ್ನ ತೊಡೆಯನ್ನು ದಾಟಿತ್ತು. ಪಿಚ್ಚಿಗೆ ನಡೆದು ಹೋಗುವುದೇ ಒಂದು ಇನ್ನಿಂಗ್ಸ್ ಆಯಿತು. ಮೊದಲ ಚೆಂಡನ್ನು ಆಡದೆ ಬಿಡುವುದು ಪ್ರಬುದ್ಧ ಆಟಗಾರನ ಲಕ್ಷಣವೆಂದು ಟಿವಿಯಲ್ಲಿ ಕೇಳಿದ್ದೆ. ಬಿಟ್ಟೆ. ಅದು ನೇರವಾಗಿ ವಿಕೆಟ್ಟಿಗೆ ಬಡಿಯಿತು. ಸೊನ್ನೆಗೆ ಔಟಾಗಲು ರುದ್ರೇಶ ನಾಲ್ಕು ಚೆಂಡು ತೆಗೆದುಕೊಳ್ಳುತ್ತಿದ್ದ. ನಾನು ಒಂದರಲ್ಲೇ ಮುಗಿಸಿ ತಂಡದ ಸಮಯ ಉಳಿಸಿದೆ.

ಸೋತೆವು. ಇನ್ನೊಂದು ಸೋತರೆ ಮನೆಗೆ.

ಮಾರನೆಯ ದಿನ ರುದ್ರೇಶನನ್ನು ಹುಡುಕಿಕೊಂಡು ತೋಟಕ್ಕೆ ಹೋದೆ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಎರಡೂ ಕೈಯಿಂದ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುತ್ತಿದ್ದ. ಕುಕ್ಕು, ತಿರುವು. ಕುಕ್ಕು, ತಿರುವು. ಅವನು ಬ್ಯಾಟ್ ಬೀಸುತ್ತಿದ್ದದ್ದೂ ಹಾಗೆಯೇ! ನನ್ನ ಮುಖ ನೋಡಿ ಅವನೇ ಹೇಳಿದ:

"ವರ್ಷೆಲ್ಲಾ ಕೆಳಕ್ಕೆ ಕುಕ್ಕಿದ್ ಕೈ ಶಿವಣ್ಣ, ಬ್ಯಾಟ್ ಹಿಡ್ದು ಮೇಲೇಳಕ್ಕೆ ಮೂರು ವಾರ ಬೇಕು. ನಿಮ್ಮಣ್ಣ ಇಲ್ಲೇ ನಿಂತು ನೋಡಿ ಕಂಡ್ಕಂಡಿದ್ರು."

ಅಣ್ಣ ಆಟಗಾರನನ್ನು ತೋಟದಲ್ಲಿ ನೋಡಿದ್ದ. ನಾನು ಬೇಲಿಯ ಪಕ್ಕ ಕುಳಿತು ಅಣ್ಣನನ್ನು ಮಾತ್ರ ನೋಡಿದ್ದೆ.

"ತಪ್ಪಾಯ್ತು ಕಣೋ. ಬತ್ತೀಯಾ?"

"ಬತ್ತೀನಿ. ನಂಗೆ ನಿಮ್ಮಣ್ಣ ಕಾದ್ರು, ನಿಮಗೆ ನಾನ್ ಕಾಯ್ತೀನಿ ಬುಡಿ."

"ಎಷ್ಟು ವಾರ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ದು ವಾರದಲ್ಲಿ ಮುಗಿಯೋದಲ್ಲ ಕಣ್ರೀ."

ನಾಲ್ಕನೆಯ ಭಾನುವಾರ ಅವನು ಅರವತ್ತು ಹೊಡೆದ. ಗೆದ್ದೆವು; ಅಣ್ಣನ ತಂಡ ಉಳಿಯಿತು. ತಂಡದವರು ನನ್ನನ್ನು ಹನ್ನೊಂದನೆಯವನಾಗಿ ಹಾಕಿದ್ದರು. ಸರದಿ ಬರಲೇ ಇಲ್ಲ. ಇದುವರೆಗೆ ನಾನು ಆಡಿದ ಅತ್ಯುತ್ತಮ ಪಂದ್ಯ ಅದೇ!