ಸ್ಪೇನಿನ ದ್ರಾಕ್ಷಾರಿಷ್ಟ

ನಮ್ಮ ಸೋದರತ್ತೆ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರೆಂದು ಜಯನಗರದವರೆಲ್ಲ ನಂಬಿದ್ದಾರೆ. ಸುಳ್ಳು! ಅವರು ಪಾಠ ಮಾಡಿದ್ದು ತಿಂಡಿಯನ್ನು. ಭೂಪಟದ ಮೇಲೆ ಕೋಲಿಟ್ಟು, "ಇದು ಧಾರವಾಡ, ಪೇಢೆ. ಇದು ಬೆಳಗಾವಿ, ಕುಂದಾ. ಇದು ಗೋಕಾಕ, ಕರದಂಟು" ಎನ್ನುತ್ತಿದ್ದರಂತೆ. ಗೋಕಾಕದಲ್ಲಿ ಒಂದು ಜಲಪಾತವೂ ಇದೆಯೆಂದು ಅವರ ವಿದ್ಯಾರ್ಥಿನಿಯರಿಗೆ ಗೊತ್ತಾದದ್ದು ಪರೀಕ್ಷೆಯ ಪ್ರಶ್ನೆಪತ್ರಿಕೆ ನೋಡಿದ ಮೇಲೆ.

ಯಾವ ಊರಿಗೆ ಹೋದರೂ ಅಲ್ಲಿನ ತಿನಿಸು ತರಬೇಕು, ಅದನ್ನು ಆ ಊರಿನ ನೆಲದ ಮೇಲೆ ನಿಂತೇ ಕೊಳ್ಳಬೇಕು. ಇದು ಅತ್ತೆಯ ಕಾಯಿದೆ. ಒಮ್ಮೆ ಮೈಸೂರಿನಿಂದ ರೈಲಿನಲ್ಲಿ ಬರುವಾಗ ವಡೆ ಮಾರುವವನೊಬ್ಬ ಬಂದ. ಅತ್ತೆ ವಿಚಾರಣೆಗೆ ಇಳಿದರು.

"ಎಲ್ಲಿ ಹತ್ತಿದೆಯಪ್ಪ ನೀನು?"

"ಮಂಡ್ಯದಲ್ಲಿ, ಅಮ್ಮ."

"ಹಾಗಾದ್ರೆ ಇದು ಮಂಡ್ಯ ವಡೆ. ಬೇಡ."

"ಈಗ ತಗೊಂಡು ಮಡಿಲಲ್ಲಿ ಇಟ್ಕೊಂಡಿರಿ ಅಮ್ಮ. ಇನ್ನೊಂದು ಸ್ವಲ್ಪ ಹೊತ್ತಿಗೆ ಮದ್ದೂರು ಬರುತ್ತೆ, ಆಮೇಲೆ ತಿನ್ನಿ."

ಈ ತರ್ಕಕ್ಕೆ ಅತ್ತೆ ಸೋತರು. ಮದ್ದೂರು ಬರುವವರೆಗೆ ವಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಸ್ಟೇಷನ್ನಿನ ಬೋರ್ಡು ಕಂಡಮೇಲೆ ಬಾಯಿಗಿಟ್ಟರು. ಇಟ್ಟಮಡುವಿನಲ್ಲಿ ನಾನು ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಬಂದು ಕೇಳಿದ ಮೊದಲ ಪ್ರಶ್ನೆಯೂ, "ಇಲ್ಲಿನ ವಿಶೇಷ ಏನೋ?" ಎಂಬುದೇ. "ಧೂಳು, ಅತ್ತೆ" ಎಂದೆ. ಅವರು ಹಿತ್ತಲಿನ ಗಿಡದಿಂದ ಎರಡು ಎಸಳು ಕಿತ್ತುಕೊಂಡು ಹೋದರು. ಅಂದಿನಿಂದ ಅವರ ಅಡುಗೆಮನೆಯಲ್ಲಿ ಅದರ ಹೆಸರು ಇಟ್ಟಮಡು ಕರಿಬೇವು.

ಇಂಥವರು ನಿವೃತ್ತಿಯಾದ ಮೇಲೆ ಸ್ಪೇನ್ ಪ್ರವಾಸಕ್ಕೆ ಹಣ ಕಟ್ಟಿದರು. ಅಷ್ಟರಲ್ಲಿ ನಮ್ಮಜ್ಜಿಗೆ ಜ್ವರ ಬಂತು. ಅಜ್ಜಿಯೆಂದರೆ ಅತ್ತೆಯ ತಾಯಿ, ನಮ್ಮಪ್ಪನಿಗೂ ತಾಯಿ. ಮದುವೆಯಾಗದ ಅತ್ತೆಯೂ ಅಜ್ಜಿಯೂ ಜಯನಗರದ ಆ ಮನೆಯಲ್ಲಿ ಇಬ್ಬರೇ ಇದ್ದರು. ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ಅಜ್ಜಿಯ ನಾಲಿಗೆಯ ರುಚಿಯನ್ನೂ ಜೊತೆಗೆ ಒಯ್ದಿತು. ಹುಳಿಯೂ ಒಂದೇ, ಗಂಜಿಯೂ ಒಂದೇ. ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಿದ್ದರು. "ಊಟ ಮಾಡದಿದ್ದರೆ ಈ ವಯಸ್ಸಿಗೆ ಕಷ್ಟ" ಎಂದು ಡಾಕ್ಟರು ಹೇಳಿಹೋದರು.

ಅತ್ತೆ ಪ್ರವಾಸ ರದ್ದು ಮಾಡಲು ಹೊರಟರೆ ತಡೆದದ್ದು ಅಜ್ಜಿಯೇ. "ಹೋಗೇ. ಊರೂರಿಂದ ತಿಂಡಿ ತರ್ತೀಯಲ್ಲ, ನನ್ನ ನಾಲಿಗೆಗೆ ಹತ್ತೋದು ಒಂದು ಹುಡುಕ್ಕೊಂಡು ಬಾ."

ಅತ್ತೆಗೆ ಇಷ್ಟು ಸಾಕಾಯಿತು. ಅಜ್ಜಿಯನ್ನು ನೋಡಿಕೊಳ್ಳಲು ನಾನೂ ನನ್ನ ಹೆಂಡತಿಯೂ ಬಂದು ಕೂತೆವು. ಗಣೇಶನ ಹಬ್ಬ ಮುಗಿಸಿ ಅತ್ತೆ ವಿಮಾನ ಹತ್ತಿದರು.

ಆ ಪ್ರವಾಸದ ಕಂಪನಿ ಅಡುಗೆಯವರನ್ನೂ ಜೊತೆಗೇ ಕರೆದೊಯ್ಯುವಂಥದ್ದು. ಮ್ಯಾಡ್ರಿಡ್‌ನಲ್ಲಿ ಬಿಸಿಬೇಳೆಬಾತು, ಬಾರ್ಸಿಲೋನಾದಲ್ಲಿ ಪುಳಿಯೋಗರೆ. ಉಳಿದವರು ಅರಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಅತ್ತೆ ಸದ್ದಿಲ್ಲದೆ ಸಂತೆಗೆ ನುಗ್ಗುತ್ತಿದ್ದರಂತೆ. ಗುಂಪಿನ ಮ್ಯಾನೇಜರು ದಿನಕ್ಕೊಮ್ಮೆಯಾದರೂ, "ಆ ಟೀಚರ್ ಮೇಡಂ ಎಲ್ಲಿ?" ಎಂದು ಅರಚಬೇಕಾಗುತ್ತಿತ್ತು. ಭಾಷೆ ಬಾರದೆ ಹೇಗೆ ವ್ಯಾಪಾರ ಮಾಡಿದಿರಿ ಎಂದು ಆಮೇಲೆ ಕೇಳಿದೆ. "ಅವರು ಸ್ಪ್ಯಾನಿಷ್‌ನಲ್ಲಿ ಹೇಳಿದ್ರು, ನಾನು ಕನ್ನಡದಲ್ಲಿ ಜಾಸ್ತಿ ಆಯ್ತು ಅಂದೆ. ಚೌಕಾಸಿ ಯಾವ ಭಾಷೇಲಾದ್ರೂ ಅರ್ಥ ಆಗುತ್ತೆ ಕಣೋ." ಗಿಣ್ಣಿನ ಹಾಗೆ ಕಾಣುತ್ತಿದ್ದ ಒಂದು ಚೀಸನ್ನು ಮಾತ್ರ ಆಸೆಯಿಂದ ಎತ್ತಿಕೊಂಡು, ಮೂಸಿ ನೋಡಿ, ಅಲ್ಲೇ ಇಟ್ಟು ಬಂದರಂತೆ.

ಅತ್ತೆಯ ಪೆಟ್ಟಿಗೆ ಬಂತು. ಚಿಕಿತ್ಸೆ ಶುರುವಾಯಿತು. ಅಜ್ಜಿಯ ಮಂಚದ ಪಕ್ಕ ಅತ್ತೆ ಒಂದು ಸ್ಟೂಲು ಹಾಕಿಕೊಂಡು, ಒಂದೊಂದು ಪದಾರ್ಥಕ್ಕೂ ಮೊದಲು ಅದರ ಊರಿನ ಪಾಠ ಮಾಡಿ ಆಮೇಲೆ ಬಾಯಿಗೆ ಕೊಡುತ್ತಿದ್ದರು.

ಮೊದಲನೆಯದು ಲಾ ಮಾಂಚಾದ ಕೇಸರಿ. ನೇರಳೆ ಹೂವಿನ ಬಯಲು, ಗಾಳಿಗೆ ತಿರುಗುವ ಬಿಳೀ ಗಿರಣಿಗಳು, ಎಲ್ಲ ವರ್ಣನೆಯಾಗಿ ಪಾಯಸ ಬಂತು. ಅಜ್ಜಿ ಒಂದು ಚಮಚ ತೆಗೆದುಕೊಂಡು, "ಬಣ್ಣ ಚೆನ್ನಾಗಿದೆ" ಎಂದರು.

ಎರಡನೆಯದು ಅಲಿಕಾಂತೆಯ ಬಾದಾಮಿ ಮಿಠಾಯಿ. ಟುರೋನ್ ಎಂದು ಅದರ ಹೆಸರು. ಒಂದು ಊರಿನದು ಗಟ್ಟಿ, ಪಕ್ಕದ ಊರಿನದು ಮೆತ್ತಗೆ. ಅತ್ತೆ ತಂದದ್ದು ಯಾವುದು? ಗಟ್ಟಿ ಊರಿನದು! ಅಜ್ಜಿಯ ಹಲ್ಲಿನ ಸೆಟ್ಟು ಅದಕ್ಕೆ ಅಂಟಿಕೊಂಡು ಹೊರಗೆ ಬಂತು. "ಇದು ಚಿಕ್ಕಿ ಅಲ್ಲ ಕಣೇ, ಚಪ್ಪಡಿ" ಎಂದು ಅಜ್ಜಿ ತೀರ್ಪು ಕೊಟ್ಟರು.

ಮೂರನೆಯದು ಲಾ ವೇರಾ ಎಂಬ ಕಡೆಯ ಕೆಂಪು ಮೆಣಸಿನ ಪುಡಿ, ಓಕ್ ಮರದ ಹೊಗೆಯಲ್ಲಿ ಒಣಗಿಸಿದ್ದು. ಅದನ್ನು ಹುಳಿಗೆ ಹಾಕಿ ಕುದಿಸುತ್ತಿದ್ದಂತೆ ಕೆಲಸದಾಕೆ ಓಡಿಬಂದು, "ಅಮ್ಮಾರೇ, ಪಾತ್ರೆ ಸೀದೋಯ್ತು" ಎಂದು ಒಲೆ ಆರಿಸಿ, ಹುಳಿಯನ್ನು ಬಚ್ಚಲಿಗೆ ಚೆಲ್ಲಿ, ಪಾತ್ರೆಗೆ ಹುಣಿಸೇಹಣ್ಣು ಹಾಕಿ ಉಜ್ಜತೊಡಗಿದಳು.

ಆಮೇಲೆ ಹಯೇನ್ ಎಂಬ ಊರಿನ ಆಲಿವ್ ಎಣ್ಣೆ, ದೊಡ್ಡ ಡಬ್ಬ. ಅತ್ತೆ ಅದರಲ್ಲಿ ಒಗ್ಗರಣೆ ಹಾಕುವವರಿದ್ದರು. ನಮ್ಮ ಕಡೆ ಆ ಎಣ್ಣೆ ಸಿಗುತ್ತಿದ್ದುದು ಮೆಡಿಕಲ್ ಶಾಪಿನ ಪುಟ್ಟ ಬಾಟಲಿಯಲ್ಲಿ, ಹಸುಗೂಸಿನ ಮೈಗೆ ತಿಕ್ಕುವುದಕ್ಕೆ. ಅಜ್ಜಿ ಡಬ್ಬ ನೋಡಿ ಕಣ್ಣರಳಿಸಿದರು. "ಇಷ್ಟೊಂದಾ? ಯಾರಿಗೆ ಅವಳಿ ಹುಟ್ತು?" ಎಣ್ಣೆ ಅಜ್ಜಿಯ ಮಂಡಿಗೆ ಹೋಯಿತು. ಮಂಡಿಗೆ ಗುಣವಾಯಿತು ಎಂಬುದನ್ನು ಹೇಳಲೇಬೇಕು.

ಕೊನೆಗೆ ಉಳಿದದ್ದು ಒಂದು ಕಪ್ಪು ಬಾಟಲಿ. ಕಾರ್ಡೋಬಾದ ಅಂಗಡಿಯೊಂದರಲ್ಲಿ ಒಂದು ತೊಟ್ಟು ನೆಕ್ಕಿ ನೋಡಿ, ಥೇಟ್ ನಮ್ಮ ಆಯುರ್ವೇದದ ದ್ರಾಕ್ಷಾರಿಷ್ಟ ಎಂದುಕೊಂಡು ಅತ್ತೆ ಕೊಂಡಿದ್ದರು. "ಹತ್ತಿರದಲ್ಲೇ ಮೊಂತಿಯಾ ಅಂತ ಊರಮ್ಮ. ದ್ರಾಕ್ಷೀನ ಚಾಪೆ ಮೇಲೆ ಹರಡಿ ಬಿಸಿಲಿಗೆ ಹಾಕ್ತಾರೆ, ನಾವು ಸಂಡಿಗೆ ಹಾಕೋ ಹಾಗೆ. ಒಣಗಿದ ಮೇಲೆ ಹಿಂಡಿ ಇದನ್ನ ಮಾಡೋದು. ಅಂಗಡಿಯವನು ಫೋಟೊ ತೋರಿಸ್ದ."

ಅಜ್ಜಿ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡರು. ಆಮೇಲೆ, "ಇದು ಹತ್ತಿತು ಕಣೇ. ಇನ್ನೊಂದು ಚಮಚ ಕೊಡು" ಎಂದರು.

ಅತ್ತೆಯ ಮುಖ ನೀವು ನೋಡಬೇಕಿತ್ತು! ಅಂದು ರಾತ್ರಿ ಅಜ್ಜಿ ಸಾರನ್ನ ಉಂಡರು. ಮರುದಿನ ಉಪ್ಪಿನಕಾಯಿ ಕೇಳಿದರು. ವಾರದಲ್ಲಿ ಎದ್ದು ಜಗುಲಿಗೆ ಬಂದು ಕೂತರು. ಅತ್ತೆ ಸಿಕ್ಕಸಿಕ್ಕವರಿಗೆಲ್ಲ ಸ್ಪೇನಿನ ಆಯುರ್ವೇದದ ಮಹಿಮೆ ಹೇಳತೊಡಗಿದರು.

ಹಾಳು ಕುತೂಹಲ, ನಾನು ಹೋಗಿ ಬಾಟಲಿಯ ಚೀಟಿ ಓದಿದೆ.

"ಅತ್ತೆ, ಇದು ವೈನು."

"ಏನು?"

"ಹೆಂಡ. ಅಜ್ಜಿ ದಿನಾ ಎರಡು ಹೊತ್ತು ಹಾಕ್ತಿದಾರೆ."

ಅಜ್ಜಿಯ ಮಡಿ ಎಂಥದ್ದು ಗೊತ್ತೇ? ನಲ್ಲಿ ನೀರು ಕುಡಿಯದವರು, ಈರುಳ್ಳಿ ಹೆಚ್ಚಿದ ಚಾಕುವನ್ನು ಕಂಡರೆ ಆಚೆ ತಿರುಗುವವರು. ಅತ್ತೆ ದೇವರ ಮನೆಗೆ ಹೋಗಿ ಕೆನ್ನೆಕೆನ್ನೆ ಬಡಿದುಕೊಂಡು ಬಂದು ನನ್ನ ಕೈ ಹಿಡಿದರು. "ಅಮ್ಮಂಗೆ ಹೇಳಬೇಡ. ಊಟ ಬಿಟ್ಬಿಡ್ತಾಳೆ. ನಮ್ಮ ಅರಿಷ್ಟದಲ್ಲೂ ಒಂದಿಷ್ಟು ಇರುತ್ತೆ ತಾನೆ? ಪಾಪ ಬಂದ್ರೆ ನಂಗೇ ಬರಲಿ."

ಪಾಪಕ್ಕೆ ಹೆದರಿಯೇ ಇರಬೇಕು, ಬಾಟಲಿ ಮುಗಿಯುತ್ತ ಬಂದಂತೆ ಅತ್ತೆ ಒಂದು ಉಪಾಯ ಮಾಡಿದರು. ಗಾಂಧಿ ಬಜಾರಿನಿಂದ ಅಸಲಿ ದ್ರಾಕ್ಷಾರಿಷ್ಟ ತಂದು ಅದೇ ಬಾಟಲಿಗೆ ಸುರಿದರು. ಅಜ್ಜಿಗೆ ವ್ಯತ್ಯಾಸ ತಿಳಿದು ಮತ್ತೆ ತಟ್ಟೆ ಸರಿಸಿಬಿಟ್ಟರೆ ಎಂಬ ಅಳುಕಿನಲ್ಲೇ ಚಮಚ ಹಿಡಿದರು.

ಅಜ್ಜಿ ಚಪ್ಪರಿಸಿದರು. "ಅದೇ ರುಚಿ. ಸೊಗಸಾಗಿದೆ."

ಅತ್ತೆಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅದೇ ರುಚಿ ಹೇಗಾಗುತ್ತದೆ? ಮದ್ದೂರು ವಡೆಗೂ ಮಂಡ್ಯ ವಡೆಗೂ ವ್ಯತ್ಯಾಸ ಹುಡುಕುವವರು ಸ್ಪೇನಿಗೂ ಗಾಂಧಿ ಬಜಾರಿಗೂ ವ್ಯತ್ಯಾಸ ಇಲ್ಲವೆಂದರೆ ಒಪ್ಪುತ್ತಾರೆಯೇ? ಟೀಚರಲ್ಲವೇ, ಪರೀಕ್ಷೆ ಇಟ್ಟೇಬಿಟ್ಟರು.

ಆ ಭಾನುವಾರ ನಾನೂ ಊಟಕ್ಕೆ ಕೂತಿದ್ದೆ. ಅತ್ತೆ ಎಂದಿನಂತೆ ಅಜ್ಜಿಗೆ ಮೊಂತಿಯಾದ ದ್ರಾಕ್ಷಿಯ ಕಥೆ ಹೇಳುತ್ತ ಸಾರನ್ನ ಕಲಸಿ ಬಾಯಿಗೆ ಕೊಟ್ಟರು. ನಾನು ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇಲ್ಲ. ಹೇಳಲು ಬಾಯಿ ತೆರೆದರೆ ಅತ್ತೆ ಕಣ್ಣಲ್ಲೇ ಸುಮ್ಮನಿರಿಸಿದರು.

"ಅಮ್ಮ, ಸಾರು ಹೇಗಿದೆ?"

"ಉಪ್ಪು, ಹುಳಿ, ಖಾರ ಎಲ್ಲ ಹದವಾಗಿದೆ ಕಣೇ" ಎಂದರು ಅಜ್ಜಿ.

ಅತ್ತೆ ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. "ಅವಳಿಗೆ ಏನೂ ಗೊತ್ತಾಗ್ತಿಲ್ಲ ಕಣೋ. ಮೊದಲಿಂದಲೂ ಗೊತ್ತಾಗಿಲ್ಲ. ನಂಗೆ ಬೇಜಾರಾಗುತ್ತೆ ಅಂತ ಹತ್ತಿತು ಅಂದಿದ್ದಾಳೆ. ನಂಗೋಸ್ಕರ ನುಂಗ್ತಿದಾಳೆ."

ಅಷ್ಟರಲ್ಲಿ ಹೊರಗಿನಿಂದ ಅಜ್ಜಿಯ ದನಿ ಕೇಳಿತು.

"ಏನೇ, ಕಥೆ ಅರ್ಧಕ್ಕೆ ಬಿಟ್ಟು ಹೋದೆಯಲ್ಲ? ಅಷ್ಟು ದ್ರಾಕ್ಷಿ ಬಿಸಿಲಿಗೆ ಹಾಕಿದ್ರೆ ಕಾಗೆ ಬರಲ್ವಾ? ಓಡ್ಸೋಕೆ ಯಾರು ಕೂತಿರ್ತಾರೆ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಸಾರಿನ ಪಾತ್ರೆಗೆ ಉಪ್ಪು ಹಾಕಿ ಕದಡಿ, ಕೈಗೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿ, ಇನ್ನೊಂದು ಚಿಟಿಕೆ ಹಾಕಿದರು. ಹದ ಬಂದಮೇಲೆ ಅದನ್ನು ತೆಗೆದುಕೊಂಡು ಹೋಗಿ ಅಜ್ಜಿಯ ಪಕ್ಕ ಸ್ಟೂಲಿನ ಮೇಲೆ ಕೂತರು.

"ನಾನೇ ಕೂತಿದ್ದೆ ಅಮ್ಮ, ಕೊಡೆ ಹಿಡ್ಕೊಂಡು."

"ಎಷ್ಟು ಹೊತ್ತು?"

"ಸಂಜೆವರೆಗೂ."

"ಅಯ್ಯೋ, ಬಿಸಿಲಲ್ಲಿ" ಎಂದು ಅಜ್ಜಿ ಮಗಳ ಕೆನ್ನೆ ಮುಟ್ಟಿ ನೋಡಿದರು. ಆಮೇಲೆ ಮುಂದಿನ ತುತ್ತಿಗೆ ಬಾಯಿ ತೆರೆದರು.