ಆರನೆಯ ಪಾಂಡವನಿಗೆ ಒಂದು ತಂಬಿಗೆ ಅಂಬಲಿ

ಸುಳ್ಳು ಹೇಳುವುದು ಎಲ್ಲರಿಗೂ ಒಗ್ಗುವ ವಿದ್ಯೆಯಲ್ಲ. ಕೆಲವರು ಅದನ್ನು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾರೆ. ಅವರು ಮದುವೆ ಕುದುರಿಸುತ್ತಾರೆ, ಎತ್ತು ಮಾರುತ್ತಾರೆ, ಚುನಾವಣೆಗೆ ನಿಲ್ಲುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ನನ್ನಂಥವರು ವರ್ಷಕ್ಕೆ ಒಂದೇ ಒಂದು ಹೇಳುತ್ತೇವೆ, ಅದನ್ನೂ ತೊದಲುತ್ತ ಹೇಳುತ್ತೇವೆ, ಹೇಳಿ ಸಿಕ್ಕಿಬೀಳುತ್ತೇವೆ. ನಾನು ಅಣ್ಣಿಗೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮನೆ, ಹೊಲ, ಅವ್ವ, ಹೆಂಡತಿ ಎಲ್ಲ ಶಲವಡಿಯಲ್ಲಿ. ಹೋದ ಚಳಿಗಾಲದಲ್ಲಿ ನಾನು ಹೇಳಿದ ಒಂದು ಸಣ್ಣ ಸುಳ್ಳು ಊರ ಗಡಿ ದಾಟಿ, ದೇಶದ ಗಡಿ ದಾಟಿ, ಎರಡು ಮಿತ್ರರಾಷ್ಟ್ರಗಳ ನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಇಷ್ಟು ದೂರ ನನ್ನ ಬೇರೆ ಯಾವ ಮಾತೂ ಹೋಗಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವರೆಗೂ ಹೋಗುವುದಿಲ್ಲ.

ವಿಷಯ ಇಷ್ಟು. ನಮ್ಮ ದೇಶವೂ ಸಮುದ್ರದಾಚೆಯ ಒಂದು ಮಿತ್ರದೇಶವೂ ಕೂಡಿ, ಎರೆಮಣ್ಣಿನಲ್ಲಿ ಹಸಿ ಎಷ್ಟಿದೆ, ಬಿತ್ತನೆಗೆ ಹದ ಯಾವಾಗ ಎಂಬುದನ್ನು ರೈತನ ಮೊಬೈಲಿಗೇ ತಿಳಿಸುವ ಏರ್ಪಾಡು ಮಾಡುತ್ತಿವೆ. ಯಂತ್ರ ಅವರದು, ಅದಕ್ಕೆ ಬುದ್ಧಿ ಹೇಳುವ ಪ್ರೋಗ್ರಾಂ ನಮ್ಮದು. ಆ ದೇಶ ಯಾವುದೆಂದು ನಾನು ಹೇಳುವಂತಿಲ್ಲ. ಹೇಳುವುದಿಲ್ಲವೆಂದು ಕಾಗದಕ್ಕೆ ಸಹಿ ಮಾಡಿಕೊಟ್ಟಿದ್ದೇನೆ. ಊರಲ್ಲಿ ಎಲ್ಲರಿಗೂ ಗೊತ್ತು, ಅದು ಬೇರೆ ಮಾತು. ಪರೀಕ್ಷೆಗೆಂದು ನಮ್ಮ ಕಡಲೆ ಹೊಲವನ್ನು ಆರಿಸಿ, ನಡುವೆ ಎದೆಯೆತ್ತರದ ಒಂದು ಕಂಬ ನೆಟ್ಟರು. ಕಂಬಕ್ಕೊಂದು ಬಿಳಿ ಡಬ್ಬಿ, ನೆತ್ತಿಯ ಮೇಲೆ ಮಳೆನೀರು ಹಿಡಿದು ಅಳೆಯುವ ಆಲಿಕೆ, ನೆಲದೊಳಗೆ ಒಂದಡಿ ಎರಡಡಿ ಮೂರಡಿ ಇಳಿದ ಮುಳ್ಳುಗಳು. ಪ್ರೋಗ್ರಾಂ ಬರೆದವಳು ಧಾರವಾಡದ ಸುಜಾತಾ ಎಂಬ ತರುಣಿ. ಮೂರು ವರ್ಷ ಅದೊಂದನ್ನೇ ಹಿಡಿದು ಕೂತವಳು. ಕೂಸಿನ ಮೊದಲ ಹಲ್ಲು ತೋರಿಸುವ ತಾಯಿಯ ಹಾಗೆ ನನಗೆ ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ನಾನು 'ಸ್ಥಳೀಯ ಪಾಲಕ' ಎಂಬಲ್ಲಿ ರುಜು ಹಾಕಿದೆ. ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು, ಏನಾದರೂ ಆದರೆ ಆದದ್ದನ್ನು ಆದಂತೆಯೇ ತಿಳಿಸಬೇಕು, ಪಾಲಕನ ಕೆಲಸ ಇವೆರಡೇ. ನನ್ನಂಥ ವಿಜ್ಞಾನದ ಮಾಸ್ತರನಿಗೆ ಇದೇನು ದೊಡ್ಡದು ಎಂದುಕೊಂಡೆ.

ಊರಿನವರು ಬಂದು ನೋಡಿ ಹೋದರು. ಬಾಜು ಹೊಲದ ಬಸಪ್ಪ ಕಾಕಾನಿಗೆ ಕಂಬ ತನ್ನ ಹೊಲಕ್ಕೆ ಬರಲಿಲ್ಲವೆಂಬ ಸಿಟ್ಟಿತ್ತು. "ಏ ಮಾಸ್ತರ, ಒಂದ ಗೂಟ ನಡಾಕ ಎರಡ ದೇಶ ಬೇಕಾದ್ವೇನೋ? ನಾನೂ ನಮ್ಮ ತಮ್ಮನೂ ಕೂಡಿ ಇನ್ನೂತನಾ ಒಂದ ಬದು ಹಾಕಾಕ ಆಗಿಲ್ಲ ನೋಡು" ಎಂದ. ನಾನು ತಂತ್ರಜ್ಞಾನ ಸಹಕಾರ, ಪರಸ್ಪರ ವಿಶ್ವಾಸ, ಜಂಟಿ ಸಂಶೋಧನೆ ಎಂದು ಅರ್ಧ ತಾಸು ವಿವರಿಸಿದೆ. ಕಾಕಾ ಎಲೆ ಅಡಿಕೆ ಹಾಕಿಕೊಂಡು ಕೇಳಿದ, ತಲೆ ಮಾತ್ರ ಅಲ್ಲಾಡಿಸಲಿಲ್ಲ. ಕೊನೆಗೆ ಕಸ ತೆಗೆಯುತ್ತಿದ್ದ ಅವ್ವ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು. "ನೋಡ್ ಬಸಪ್ಪ, ಇವರ ಮನ್ಯಾಗ ಒಂದ ಎತ್ತು. ಅವರ ಮನ್ಯಾಗ ಒಂದ ಎತ್ತು. ಕೂಡಿ ಹೂಡ್ಯಾರ. ಅಷ್ಟ." ಕಾಕಾ "ಹಂಗನ್ನು ಮತ್ತ" ಎಂದು ಹೊರಟುಹೋದ. ನನ್ನ ಅರ್ಧ ತಾಸು ವ್ಯರ್ಥವಾಯಿತು.

ಆಮೇಲೆ ಎಳ್ಳಮವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ಉಣ್ಣುವ ಪದ್ಧತಿಯಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೇ ಹೋಗಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ… ಹೋಳಿಗೆಯ ವಿಷಯಕ್ಕೆ ಇಳಿದರೆ ಈ ಬರಹ ಇಲ್ಲೇ ಮುಗಿಯುತ್ತದೆ, ಇರಲಿ. ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ ಎಡೆ ಹಿಡಿಯುತ್ತಾರೆ. ಆಮೇಲೆ ಅನ್ನ, ಅಂಬಲಿ ಎರಚುತ್ತ ಪೈರಿನ ಸುತ್ತ ಒಂದು ಸುತ್ತು ಬರುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆ ದಿನ ಹೊಲದಲ್ಲಿರುವ ಹಕ್ಕಿ, ಹುಳ, ಇರುವೆ, ಯಾವುದೂ ಹಸಿದಿರಬಾರದು. ಪೂಜೆ ಮುಗಿಸಿದ ಅವ್ವ ಸುತ್ತ ನೋಡಿದಳು. ಕಂಬ ಕಣ್ಣಿಗೆ ಬಿತ್ತು.

"ಇದಕ್ಕೇನೂ ಹಾಕಲಿಲ್ಲಲ್ಲೋ ತಮ್ಮಾ?"

"ಯವ್ವಾ, ಅದು ಯಂತ್ರ ಬೇ."

"ಯಂತ್ರ ಇದ್ದರೇನಾತು? ನಮ್ಮ ಹೊಲದಾಗ ನಿಂತೈತಿಲ್ಲೋ? ಐದ ಮಂದಿಗೆ ಉಣಿಸಿ ಆರನೇದವನ್ನ ಉಪಾಸ ನಿಲ್ಲಸೂದೇನು?"

ನನ್ನ ಹೆಂಡತಿ ಶಾಂತಾ ಇಂಥ ಹೊತ್ತಿನಲ್ಲಿ ಅತ್ತೆಯ ಪಕ್ಷ. "ಆರನೇದವ ಅಂದ್ರ ಕರ್ಣ ಆದ್ನಲ್ರಿ ಅತ್ತಿ. ಹುಟ್ಟಿದ್ದ ಒಂದ ಮನ್ಯಾಗ, ಬೆಳದದ್ದ ಒಂದ ಮನ್ಯಾಗ" ಎಂದಳು. ಹೀಗೆ ವಂಶಾವಳಿಯೇ ಸಿಕ್ಕ ಮೇಲೆ ತಡೆಯುವವರು ಯಾರು? ವಿಜ್ಞಾನದ ಮಾಸ್ತರನಾಗಿ ನಾನು ಅಡ್ಡ ನಿಲ್ಲಬೇಕಿತ್ತು. ನಿಂತೆ, ಅಂಬಲಿಯ ಗಡಿಗೆ ಹಿಡಿದುಕೊಂಡು ನಿಂತೆ. ಅವ್ವ ಕಂಬಕ್ಕೆ ಕುಂಕುಮ ಹಚ್ಚಿ, ಆಲಿಕೆಯನ್ನು ಬಾಯಿ ಎಂದು ತಿಳಿದು, ತಂಬಿಗೆ ಬಗ್ಗಿಸಿದಳು. ಡಬ್ಬಿಯೊಳಗಿಂದ ಟಕಟಕ ಎಂದು ಸಪ್ಪಳ ಬಂತು. "ನೋಡ, ಹ್ಯಾಂಗ ಹಸದಿತ್ತು ಪಾಪ" ಎಂದಳು. ನನಗೂ ಆ ಗಳಿಗೆಯಲ್ಲಿ ಹೌದೆನಿಸಿತು.

ಮೂರನೆಯ ದಿನ ಸುಜಾತಾಳ ಫೋನು. "ಸರ್, ಅಮಾಸಿ ದಿನ ನಿಮ್ಮ ಹೊಲದಾಗ ಮಳಿ ಆಗಿತ್ತೇನ್ರಿ? ಯಂತ್ರ ಮೂರು ಸಲ ಜೋರು ಮಳಿ ತೋರಿಸೈತ್ರಿ. ನನ್ನ ಪ್ರೋಗ್ರಾಂ ಮಾತ್ರ, ನೆಲ ಒಣಾ ಐತಿ, ಇದು ಮಳಿನ ಅಲ್ಲ ಅಂತ ತಗದ ಒಗದೈತ್ರಿ." ಇದರ ಮೇಲೆ ಎರಡು ದೇಶಗಳ ಸಭೆಯೂ ಆಗಿತ್ತಂತೆ. ಆ ದೇಶದವರು ಬಹಳ ವಿನಯದವರು, 'ತಪ್ಪು ನಮ್ಮ ಯಂತ್ರದ್ದೇ ಇರಬೇಕು' ಎಂದರಂತೆ. ನಮ್ಮವರು ಅತಿಥಿಗಳ ಮಾತು ತೆಗೆದುಹಾಕುವವರಲ್ಲ, ಕೂಡಲೇ ಒಪ್ಪಿಕೊಂಡರಂತೆ. ಆದರೆ ಸುಜಾತಾಗೆ ಸಮಾಧಾನವಿಲ್ಲ. ಅಲ್ಲಿ ಇದ್ದವರನ್ನೇ ಕೇಳೋಣವೆಂದು ಫೋನ್ ಮಾಡಿದ್ದಳು. ಕಂಬಕ್ಕೆ ಅಂಬಲಿ ಕುಡಿಸಿದೆವು ಎಂದು ವಿಜ್ಞಾನದ ಮಾಸ್ತರ ಹೇಗೆ ಹೇಳಬೇಕು? ಹೇಳಿದರೆ ಕಂಬ ಬಸಪ್ಪ ಕಾಕಾನ ಹೊಲಕ್ಕೆ ಹೋಗುವುದು ಖಂಡಿತ. ನನ್ನ ನಾಲಗೆ ನನ್ನನ್ನು ಕೇಳದೆಯೇ, "ಸ್ವಲ್ಪ ಮೋಡ ಆಗಿತ್ರಿ… ಒಂದೆರಡ ಜಡಿ ಹೊಡದಿರಬೇಕ್ರಿ" ಎಂದಿತು. ಆ ಕಡೆಯಿಂದ "ಹೌದೇನ್ರಿ" ಎಂಬ ಸಣ್ಣ ದನಿ ಬಂತು.

ಆ ಒಂದು ಮಾತಿನಿಂದ ಎಲ್ಲ ತಿರುವುಮುರುವಾಯಿತು. 'ಸ್ಥಳೀಯ ಪಾಲಕರು ಮಳೆಯನ್ನು ಖಚಿತಪಡಿಸಿದ್ದಾರೆ' ಎಂದು ದಾಖಲೆಯಾಯಿತು. ಅಂದರೆ ಯಂತ್ರ ಸರಿ, ಬಂದ ಮಳೆಯನ್ನೇ ಮಳೆಯಲ್ಲವೆಂದ ಪ್ರೋಗ್ರಾಂ ತಪ್ಪು. ಅದನ್ನು ಕೈಬಿಟ್ಟು ಬೇರೆಯವರಿಂದ ಹೊಸದು ಬರೆಸುವ ಮಾತು ನಡೆದಿದೆ, ಆ ದೇಶದ ಇಂಜಿನಿಯರ್ ಕೊನೆಯ ತಪಾಸಣೆಗೆ ಭಾನುವಾರ ಬರುತ್ತಾರೆ ಎಂದು ಸುಜಾತಾ ತಿಳಿಸಿದಳು. ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, "ತ್ರಾಸ ಕೊಟ್ಟೆ ಸರ್" ಎಂದಳು. ನಿಜ ಹೇಳಿಬಿಡೋಣವೆಂದು ಎರಡು ಸಲ ಫೋನ್ ಹಚ್ಚಿದೆ, ರಿಂಗಾಗುವ ಮೊದಲೇ ಕೆಳಗಿಟ್ಟೆ. ನಾಚಿಕೆ ಬಹಳವಾಗಿತ್ತು, ಹೆದರಿಕೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿತ್ತು.

ಭಾನುವಾರ ಜೀಪು ಬಂತು. ಡ್ರೈವರ್, ಸುಜಾತಾ, ತೆಳ್ಳಗಿನ ಒಬ್ಬ ನಡುವಯಸ್ಸಿನ ಇಂಜಿನಿಯರ್. ಅವರು ಹೊಲದ ಅಂಚಿನಲ್ಲಿ ಬಾಗಿ ನಮಸ್ಕಾರ ಮಾಡಿದರು. ನಾನೂ ಬಾಗಿದೆ. ಅವರು ಇನ್ನಷ್ಟು ಬಾಗಿದರು. ಈ ವಿಷಯದಲ್ಲಿ ಅವರನ್ನು ಗೆಲ್ಲಲಾಗುವುದಿಲ್ಲವೆಂದು ಬಿಟ್ಟೆ. ಅವರು ಆಲಿಕೆ ಬಿಚ್ಚಿ, ಒಳಗೆ ಒಣಗಿ ಅಂಟಿಕೊಂಡಿದ್ದ ಬಿಳಿಯ ಪದರವನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಹಕ್ಕಿ ಹಿಕ್ಕಿ ಇರಬಹುದೇನು ಅಂತಾರ್ರಿ ಸರ್" ಎಂದಳು ಸುಜಾತಾ. "ಹೌದ್ರಿ, ಹಕ್ಕಿ ಭಾಳ ಅದಾವ್ರಿ ಇಲ್ಲೆ" ಎಂದೆ. ವರ್ಷಕ್ಕೆ ಒಂದು ಎಂದಿದ್ದೆನಲ್ಲ, ಇದು ಮುಂದಿನ ವರ್ಷದ್ದು. ಅಷ್ಟರಲ್ಲಿ ಹಸಿ ಕಡಲೆ ಕಿತ್ತು ಉಡಿಯಲ್ಲಿ ತಂದಿದ್ದ ಅವ್ವ ಇಣುಕಿ ನೋಡಿದಳು.

"ಏನ್ ಹಕ್ಕಿನೋ? ಅದು ಅಂಬಲಿ. ಎಳ್ಳಮಾಸಿ ದಿನ ನಾನ ಹಾಕೇನಿ. ನೀನ ಗಡಗಿ ಹಿಡ್ಕೊಂಡ ನಿಂತಿದ್ದಿಲ್ಲೋ, ಮರತಿಯೇನು?"

ಇಂಥ ಹೊತ್ತಿನಲ್ಲಿ ಭೂಮಿ ಬಾಯಿಬಿಡಬಾರದೇ ಎನಿಸುತ್ತದೆ ಎನ್ನುತ್ತಾರೆ. ನಮ್ಮ ಎರೆಭೂಮಿ ಬಿಟ್ಟೇ ಇತ್ತು, ಆದರೆ ಬಿರುಕು ನನ್ನ ಗಾತ್ರಕ್ಕೆ ಸಾಲದು. ಸುಜಾತಾ ನನ್ನ ಕಡೆ ನೋಡಲೂ ಇಲ್ಲ. ಅವ್ವನ ಎದುರು ಕುಕ್ಕರಗಾಲಲ್ಲಿ ಕೂತು, "ಎಷ್ಟ ಹಾಕಿದ್ರಿ ಅಮ್ಮಾರ? ಯಾವಾಗ ಯಾವಾಗ ಹಾಕಿದ್ರಿ?" ಎಂದು ಕೇಳಿದಳು. ಅವ್ವ ಬೆರಳು ಮಡಚಿದಳು. "ಮೊದಲ ಒಂದ ತಂಬಿಗಿ ಅಂಬಲಿ. ಆಮ್ಯಾಲೆ ಹೊಲ ಸುತ್ತಿ ಚರಗ ಚೆಲ್ಲಿ ಬಂದ್ವಿ. ಬಂದ ಮ್ಯಾಲೆ ಒಂದ ತಂಬಿಗಿ ನೀರು. ಉಂಡಾದ ಮ್ಯಾಲೆ ಅರ್ಧ ತಂಬಿಗಿ ಮಜ್ಜಿಗಿ. ಉಳದರ್ಧ ಇವನ ಕುಡದ." ಸುಜಾತಾ ಲ್ಯಾಪ್‌ಟಾಪು ತೆರೆದಳು. ಗೆರೆ ಮೂರು ಸಲ ಏರಿತ್ತು. ಮೊದಲೆರಡು ಒಂದೇ ಎತ್ತರ, ಮೂರನೆಯದು ಅದರ ಅರ್ಧ. ನಡುವಿನ ಬಿಡುವುಗಳೂ ನಮ್ಮ ಸುತ್ತಿಗೆ, ನಮ್ಮ ಊಟಕ್ಕೆ ಸರಿಯಾಗಿ ಹೊಂದಿದವು. ಇಂಜಿನಿಯರ್ ಆಲಿಕೆ ತೊಳೆದು, ಅದೇ ತಂಬಿಗೆ ತರಿಸಿ ನೀರು ಸುರಿದು ನೋಡಿದರು. ಗೆರೆ ಅಷ್ಟೇ ಎತ್ತರಕ್ಕೆ ಏರಿತು. ಯಂತ್ರ ತನ್ನ ಬಾಯಿಗೆ ಬಿದ್ದದ್ದನ್ನು ಸರಿಯಾಗಿ ಅಳೆದಿತ್ತು. ಪ್ರೋಗ್ರಾಂ ಅದು ಮಳೆಯಲ್ಲವೆಂದು ಸರಿಯಾಗಿ ಹೇಳಿತ್ತು. ಇಡೀ ಹೊಲದಲ್ಲಿ ತಪ್ಪು ವರದಿ ಕೊಟ್ಟವನು ನಾನೊಬ್ಬನೇ.

ಸುಜಾತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಮೂರ ವರ್ಷ್ರೀ ಸರ್" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಇಂಜಿನಿಯರ್ ಮಾತ್ರ ನಗುತ್ತಿದ್ದರು. ಅವರ ಊರಲ್ಲೂ ಹೊಸ ಯಂತ್ರಕ್ಕೆ ಮೊದಲು ಎಡೆ ಹಿಡಿಯುವ ಪದ್ಧತಿಯಿದೆ, ಆದರೆ ಬಾಜುವಿಗೆ ಇಡುತ್ತಾರೆ, ಬಾಯಿಗೆ ಹಾಕುವುದಿಲ್ಲ ಎಂದರೆಂದು ಸುಜಾತಾ ಕನ್ನಡದಲ್ಲಿ ಹೇಳಿದಳು. ಅವ್ವ ಕೇಳಿಸಿಕೊಂಡು, "ಬಾಜೂಕ ಇಟ್ರ ಹ್ಯಾಂಗ ಉಂಡೀತವಾ ಅದು?" ಎಂದಳು. ಸುಜಾತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಇಂಜಿನಿಯರ್ ಅವ್ವನಿಗೂ ಒಮ್ಮೆ ಬಾಗಿದರು.

ಹದಿನೈದು ದಿನದ ಮೇಲೆ ಅದೇ ಜೀಪಿನಲ್ಲಿ ಸುಜಾತಾ ಹೊಸ ಕಾಗದ ತಂದಳು. ಕಂಬ ನಮ್ಮ ಹೊಲದಲ್ಲೇ ಇರುತ್ತದೆ, ಪ್ರೋಗ್ರಾಂ ಅವಳದೇ ಇರುತ್ತದೆ, ಪಾಲಕರು ಮಾತ್ರ ಬದಲು. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಚಾಪೆಯ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ, ತುಟಿ ಕಚ್ಚಿಕೊಂಡು ತನ್ನ ಹೆಸರು ಬರೆದಳು. ನನಗೆ ನಿಜಕ್ಕೂ ಸಂತೋಷವಾಯಿತು. ಅವಳ ಹೆಸರಿನ ಕೆಳಗೆ 'ಸಾಕ್ಷಿ' ಎಂದು ಒಂದು ಗೆರೆಯಿತ್ತು. ಮಗನಾಗಿ ಅಷ್ಟಾದರೂ ಮಾಡೋಣವೆಂದು ಕಿಸೆಯಿಂದ ಪೆನ್ನು ತೆಗೆದೆ. ಅವ್ವ ಕಾಗದದ ಮೇಲೆ ಅಂಗೈ ಅಡ್ಡ ಇಟ್ಟು, ಸುಜಾತಾಳ ಮುಖ ನೋಡಿ ಕೇಳಿದಳು:

"ಅಲ್ಲವಾ ತಂಗಿ, ಇವನ ಸಾಕ್ಷಿ ನಡೀತೈತೇನು?"

ಸುಜಾತಾ ನನ್ನನ್ನು ನೋಡಿದಳು, ಕಾಗದ ನೋಡಿದಳು. "ಇರಲಿ ಬಿಡ್ರಿ ಸರ್, ನಿಮಗ್ಯಾಕ ತ್ರಾಸು" ಎಂದು ಬಹಳ ಮರ್ಯಾದೆಯಿಂದ ಹೇಳಿ, ಜೀಪಿನ ಡ್ರೈವರನನ್ನು ಒಳಗೆ ಕರೆದಳು.