ಹಡಗಿನಿಂದ ಇಳಿದ ಸೈನಿಕರು

ನಮ್ಮ ಭಾವನಷ್ಟು ಯುದ್ಧ ಮಾಡಿದವರು ಚರಿತ್ರೆಯಲ್ಲೇ ಇಲ್ಲ. ಅವರಷ್ಟು ಕಡಿಮೆ ಗೆದ್ದವರೂ ಇಲ್ಲ! ಅಕ್ಕನ ಗಂಡ. ವಾರದಲ್ಲಿ ಐದು ದಿನ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಉಳಿದೆರಡು ದಿನ ಟ್ಯಾಂಪಿನೀಸಿನ ಮನೆಯಲ್ಲಿ ಕೂತು, ಕಂಪ್ಯೂಟರಿನೊಳಗೆ ಸೈನ್ಯ ಕಟ್ಟಿ ಕಾದಾಡುವ ಆಟದ ತಪ್ಪು ಹುಡುಕುವ ಕೆಲಸ. ಎರಡನೆಯದಕ್ಕೆ ಸಂಬಳವಿಲ್ಲ, ಹಾಗಾಗಿ ಶ್ರದ್ಧೆ ಹೆಚ್ಚು.

ಆ ಆಟದಲ್ಲಿ ಸೈನಿಕರು ಹೋರಾಡಿದಷ್ಟೂ ಅನುಭವದ ಅಂಕ ಏರುತ್ತದೆ, ಅಂಕ ಏರಿದಷ್ಟೂ ಬಲ. ಈ ಲೆಕ್ಕದಲ್ಲೇ ಬಗ್ ಇದೆ ಎಂಬುದು ಭಾವನ ವಾದ. ಒಂದು ಶನಿವಾರ ಅವರ ಹತ್ತು ಜನ ಸೈನಿಕರು ಬೆಳಗಿನಿಂದ ಪಾಳು ಊರಿನ ಗೋಡೆಯೊಂದನ್ನು ಗುದ್ದುತ್ತಿದ್ದರು. ಶತ್ರು ಇಲ್ಲ, ಗೋಡೆಯೂ ಬೀಳುವುದಿಲ್ಲ, ಅಂಕ ಮಾತ್ರ ಏರುತ್ತಲೇ ಇದೆ!

"ರೀ, ತರಕಾರಿ ತರ್ಬೇಕು, ಎದ್ದೇಳ್ರೀ" ಎಂದಳು ಅಕ್ಕ.

"ತಡಿಯೇ, ಟೆಸ್ಟಿಂಗ್ ನಡೀತಿದೆ. ಬರೀ ಗೋಡೆ ಗುದ್ದಿ ಇವ್ರೆಲ್ಲ ಹೀರೋ ಆಗ್ತಿದಾರೆ."

"ನಾನೂ ಹದಿನೈದು ವರ್ಷದಿಂದ ಗೋಡೆ ಗುದ್ತಾನೇ ಇದೀನಿ. ನಂಗೆಷ್ಟು ಪಾಯಿಂಟ್ ಬಂತು?"

ಇನ್ನೊಮ್ಮೆ ಪದಾತಿಗಳು ಪ್ರಾಣ ಕೊಟ್ಟು ಕೋಟೆ ಒಡೆದರೆ, ಅಂಕವೆಲ್ಲ ಹಿಂದೆ ನಿಂತು ನೋಡುತ್ತಿದ್ದ ಗಾಡಿಯವನಿಗೆ ಸೇರಿತು. "ಇದು ಬಗ್ಗಲ್ಲ ಭಾವ, ಥೇಟ್ ನಿಮ್ಮ ಆಫೀಸು" ಎಂದೆ. "ಅಲ್ಲೂ ರಿಪೋರ್ಟ್ ಮಾಡಿದ್ದೆ ಕಣಮ್ಮ. ಅಲ್ಲಿನ ಗಾಡಿಯವನೇ ಇದು ತಪ್ಪೇ ಅಲ್ಲ ಅಂತ ಕ್ಲೋಸ್ ಮಾಡಿಬಿಟ್ಟ!" ಎಂದರು.

ಇನ್ನು ನನ್ನ ಕಥೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಪಾಠ ಮಾಡಿ, ಗಂಡನ ಕೆಲಸದ ಬೆನ್ನು ಹತ್ತಿ, ದೇಶ ಬಿಟ್ಟು, ಅಕ್ಕ ಇರುವ ಊರಿನದೇ ಹೌಗಾಂಗ್ ಬಡಾವಣೆಗೆ ಬಂದವಳು ನಾನು. ಐದನೆಯ ಇಂಟರ್‌ವ್ಯೂನಲ್ಲೂ ಇಲ್ಲಿನ ಅನುಭವ ಇಲ್ಲ ಎಂದು ಕಳಿಸಿದರು. ಆ ಭಾನುವಾರ ಅಕ್ಕನ ಮನೆಗೆ ಹೋಗಿ, "ಸಾಕು, ಇನ್ನು ಎಲ್ಲೂ ಅಪ್ಲೈ ಮಾಡಲ್ಲ" ಎಂದುಬಿಟ್ಟೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಭಾವ? ತಲೆ ಕೂಡ ಎತ್ತದೆ, "ಬಾ ಇಲ್ಲಿ, ಈ ಬಗ್ ನೋಡು" ಎಂದರು! ನನಗೆ ಮೈಯೆಲ್ಲ ಉರಿಯಿತು. ಆದರೂ ಹೋದೆ.

ಹತ್ತು ಯುದ್ಧ ಕಂಡ ಸೈನಿಕರನ್ನು ಅವರು ಹಡಗು ಹತ್ತಿಸಿ ಆಚೆ ದಡದಲ್ಲಿ ಇಳಿಸಿದರು. ಎಲ್ಲರ ಅಂಕವೂ ಸೊನ್ನೆ! ಆಟದ ಕಂಪನಿಗೆ ಅವರು ಕಳಿಸಿದ್ದ ದೂರನ್ನೂ ತೆಗೆದು ತೋರಿಸಿದರು. ಆಟ ಇರುವುದೇ ಹೀಗೆ ಎಂದು ಕಂಪನಿ ಆ ದೂರನ್ನು ಮೂರು ಸಲ ಮುಚ್ಚಿತ್ತು, ಭಾವ ಮೂರು ಸಲವೂ ಮತ್ತೆ ತೆರೆದಿದ್ದರು. ಕೊನೆಗೆ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದರು: "ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ಹನ್ನೊಂದು ವರ್ಷದ ಟೀಚರ್. ಸಮುದ್ರ ದಾಟಿದ ಮೇಲೂ ಅವಳು ಹನ್ನೊಂದು ವರ್ಷದ ಟೀಚರೇ. ದಯವಿಟ್ಟು ಲೆಕ್ಕ ಸರಿಪಡಿಸಿ." ತಾರೀಖು ನೋಡಿದೆ. ನನ್ನ ಮೂರನೆಯ ಇಂಟರ್‌ವ್ಯೂ ಕೈಕೊಟ್ಟ ವಾರ ಅದು. ನನ್ನ ಮಾತು ಇವರ ಕಿವಿಗೇ ಬೀಳುವುದಿಲ್ಲ ಅಂದುಕೊಂಡಿದ್ದೆನಲ್ಲ! ಅಳು ತಡೆಯಲಾಗಲಿಲ್ಲ.

"ತಪ್ಪು ಅವ್ರ ಲೆಕ್ಕದಲ್ಲಿದೆ ಕಣಮ್ಮ, ನಿನ್ನಲ್ಲಲ್ಲ. ಅವ್ರು ಕ್ಲೋಸ್ ಮಾಡ್ಲಿ, ನೀನು ಮತ್ತೆ ಓಪನ್ ಮಾಡು" ಎಂದು ಭಾವ ಎದ್ದು ನಿಂತರು.

ಆರನೆಯ ಅರ್ಜಿಯನ್ನು ಅಲ್ಲೇ ಕೂತು ಬರೆದೆ. ಭಾನುವಾರ ಭಾವ ಕಂಪ್ಯೂಟರಿನ ಮುಂದಿನ ಆ ಕುರ್ಚಿ ಬಿಟ್ಟುಕೊಟ್ಟದ್ದನ್ನು ಅಕ್ಕ ನೋಡಿದ್ದು ಅದೇ ಮೊದಲಂತೆ.